ಮಾರ್ಚ್ ಹದಿನೆಂಟಕ್ಕೆ ಅರಳಬೇಕಾದ ಗ್ರಹ

ಹೆಗ್ಗದ್ದೆ
೧೨ ನವೆಂಬರ್ ೨೦೨೪

ಹೇಮಶ್ರೀ ಮೇಡಂ ಅವರಿಗೆ,

ಇಲ್ಲಿ ನಾನು ಆರೋಗ್ಯ, ನನ್ನ ಜೀಪಿಗೆ ಮಾತ್ರ ಕೆಮ್ಮು. ಈ ಕಾಲದಲ್ಲಿ ಕಾಗದ ಬರೆಯುತ್ತಾನಲ್ಲ ಈ ಮನುಷ್ಯ ಎನ್ನಬೇಡಿ. ನಮ್ಮೂರಲ್ಲಿ ಸಿಗ್ನಲ್ ಬೇಕಾದರೆ ತಿರುವಿನ ಬಂಡೆ ಹತ್ತಬೇಕು. ಅಲ್ಲಿ ನಿಂತು ಕೂಗಿದ್ದು ಇಡೀ ಊರಿಗೆ ಕೇಳಿಸುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಅದಕ್ಕೇ ನೀವು ಕೇಳಿದ ಫೋಟೋಗಳ ಪೆನ್‌ಡ್ರೈವ್ ಜೊತೆ ಇದನ್ನೂ ಸಕಲೇಶಪುರದಲ್ಲಿ ಬೆಂಗಳೂರು ಬಸ್ಸಿಗೆ ಕೊಡುತ್ತಿದ್ದೇನೆ.

ನಿಮ್ಮ ಧಾರಾವಾಹಿಯ ಪಟ್ಟಿ ನೋಡಿಕೊಂಡು ಊರೆಲ್ಲ ಸುತ್ತಿದೆ. ಆಕಾಶನೌಕೆಗೆ ವನಗೂರಿನ ಒಂದು ಎಸ್ಟೇಟಿನ ಹಳೇ ಸ್ಟೋರ್ ಸಿಕ್ಕಿದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ ಒಳಗೇ ತುಕ್ಕು ಹಿಡಿದು ಕೂತಿದೆ. ಬೆಳ್ಳಿ ಬಣ್ಣ ಹೊಡೆದರೆ ಅದೇ ಇಂಜಿನ್. ನೌಕೆ ಇಳಿಯಲು ಕಾಫಿ ಒಣಗಿಸುವ ಕಣ. ಗಗನಯಾತ್ರಿಗಳಿಗೆ ಔಷಧಿ ಹೊಡೆಯುವವರ ಪ್ಲಾಸ್ಟಿಕ್ ಕೋಟು, ಹನ್ನೊಂದು ಇವೆ, ಎರಡಕ್ಕೆ ತೋಳಿಲ್ಲ. ಏಳು ಚಂದ್ರ ಮಾತ್ರ ನನ್ನ ಕೈಲಾಗದು, ಅದು ನಿಮ್ಮ ಕಂಪ್ಯೂಟರಿನವರ ಪಾಲು.

ಉಳಿದದ್ದು ಗ್ರಹ. ವರ್ಷಕ್ಕೆ ಮೂರೇ ದಿನ ಬೆಳ್ಳಗೆ ಅರಳುವ, ಆ ಮೂರು ದಿನ ಮಾತ್ರ ಜನಕ್ಕೆ ಮಾತು ಬರುವ ಗ್ರಹ ಎಂದು ನೀವು ಹೇಳಿದಾಗ ನಾನು ನಕ್ಕೆನಲ್ಲ, ತಮಾಷೆಗಲ್ಲ. ಆ ಗ್ರಹ ನನ್ನ ಅಕ್ಕ ಗಂಗಾಮಣಿಯ ಮನೆಯ ಹಿಂದೆಯೇ ಇದೆ. ನೀವು ಆವತ್ತು ಅಕ್ಕಿ ರೊಟ್ಟಿ ತಿಂದಿರಲ್ಲ, ಒಂದು ಸಾಕು ಸಾಕು ಎನ್ನುತ್ತಾ ಮೂರು, ಅದೇ ಮನೆ. ಮೂರು ಎಕರೆ ರೋಬಸ್ಟಾ, ಸಾವಿರದ ಮುನ್ನೂರು ಗಿಡ. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ನೀರಿಗೆ ಕಾಯುತ್ತದೆ. ನೀರು ಕೊಟ್ಟ ಒಂಬತ್ತನೇ ದಿನ ಇಡೀ ತೋಟ ಒಟ್ಟಿಗೇ ಬಿಳಿ. ಮೂರು ದಿನಕ್ಕೆ ಮುಗಿಯಿತು. ನಿಮಗೆ ಯಾವ ತಾರೀಖಿಗೆ ಹೂವು ಬೇಕು ಹೇಳಿ, ಒಂಬತ್ತು ಕಳೆದು ನೀರು ಬಿಡಿಸುತ್ತೇನೆ.

ನಾನು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಹಿಂದೆ ಹಾಜರಿ ಪುಸ್ತಕ ಹೊತ್ತು ಶುರು ಮಾಡಿದವನು. ಈವರೆಗೆ ಒಂಬತ್ತು ಚಿತ್ರತಂಡಕ್ಕೆ ಜಾಗ ತೋರಿಸಿದ್ದೇನೆ. ಎರಡು ತೆರೆಗೆ ಬಂದಿವೆ. ಅದರಲ್ಲೊಂದರಲ್ಲಿ ನನ್ನ ಜೀಪು ಕಾಣುತ್ತದೆ. ಆದ್ದರಿಂದ ನಂಬಿ.

ಯೋಗಾನಂದ


ಬೆಂಗಳೂರು
೨೭ ನವೆಂಬರ್ ೨೦೨೪

ಯೋಗಣ್ಣ,

ಫೋಟೋಗಳನ್ನು ನೋಡಿ ನಮ್ಮ ಕಲಾ ನಿರ್ದೇಶಕರು ಎದ್ದು ನಿಂತುಬಿಟ್ಟರು. ಆ ಮಿಷನ್ನಿಗೆ ಬಣ್ಣ ಹೊಡೆಯಬೇಡಿ, ತುಕ್ಕೇ ಇರಲಿ.

ನಾನು ಹದಿನಾಲ್ಕು ವರ್ಷ ಬೇರೆಯವರ ಅತ್ತೆ ಸೊಸೆಯರಿಗೆ ಮಾತು ಬರೆದುಕೊಟ್ಟವಳು. ಇದು ನನ್ನದೇ ಎನ್ನುವ ಮೊದಲ ಕಥೆ. ಚಾನೆಲ್ಲಿನ ಜಯಕುಮಾರ್ ಅವರು ಎಂಟು ಕಂತಿಗೆ ಒಪ್ಪಿದ್ದಾರೆ. ಎರಡೇ ಸಲಹೆ ಕೊಟ್ಟರು: ಏಳು ಚಂದ್ರ ನೋಡುವವರಿಗೆ ಗೊಂದಲ, ಮೂರು ಮಾಡಿ, ಗ್ರಹದ ರಾಣಿಗೆ ಒಬ್ಬ ಸೊಸೆ ಇರಲಿ. ಮೊದಲನೆಯದಕ್ಕೆ ಒಪ್ಪಿದೆ. ಎರಡನೆಯದನ್ನು ಕೇಳಿಸದವಳ ಹಾಗೆ ಇದ್ದೇನೆ.

ಹೂವನ್ನೂ ಕಂಪ್ಯೂಟರಿನಲ್ಲೇ ಮಾಡೋಣ ಎಂದರು. ಬೇಡ ಎಂದೆ. ಪರದೆಯ ಮೇಲೆ ಗಂಧ ಬರುವುದಿಲ್ಲ ನಿಜ, ಆದರೆ ಅದರ ನಡುವೆ ನಿಂತವರ ಮುಖದಲ್ಲಿ ಬರುತ್ತದೆ. ಮಾರ್ಚ್ ೧೮, ೧೯, ೨೦ ನಮ್ಮ ದಿನಗಳು. ಅಕ್ಕನನ್ನು ಕೇಳಿ. ಒತ್ತಾಯ ಮಾಡಬೇಡಿ.

ಹೇಮಶ್ರೀ


ಹೆಗ್ಗದ್ದೆ
೮ ಜನವರಿ ೨೦೨೫

ಮೇಡಂ ಅವರಿಗೆ,

ಮಾರ್ಚ್ ಹದಿನೆಂಟಕ್ಕೆ ಹೂವು ಎಂದರೆ ಒಂಬತ್ತಕ್ಕೆ ನೀರು. ಇದರಲ್ಲೊಂದು ಗಂಟಿದೆ. ಇಲ್ಲಿ ನಾಲ್ಕು ಮನೆಗೆ ಒಂದೇ ಪಂಪು, ಒಂದೇ ಸೆಟ್ ಪೈಪು. ಅಪ್ಪಂದಿರ ಕಾಲದಲ್ಲಿ ಒಟ್ಟಾಗಿ ತಂದದ್ದು, ಸರದಿಯ ಮೇಲೆ ತಿರುಗುತ್ತದೆ. ಈ ವರ್ಷ ಮೊದಲ ಸರದಿ ಅಕ್ಕನದು, ಫೆಬ್ರವರಿ ಇಪ್ಪತ್ತಕ್ಕೆ. ಸರದಿ ಬಿಟ್ಟವರು ಸಾಲಿನ ಕೊನೆಗೆ ಹೋಗಬೇಕು. ಕೊನೆಯದು ಸರಿಯಾಗಿ ಮಾರ್ಚ್ ಒಂಬತ್ತಕ್ಕೆ ಬೀಳುತ್ತದೆ. ನೋಡಿ, ಗಂಟು ತಾನೇ ಬಿಚ್ಚಿಕೊಂಡಿತು.

ಆದರೂ ನಿಮಗೆ ಒಂದು ವಿಷಯ ತಿಳಿದಿರಬೇಕು. ಭಾವ ತೀರಿಕೊಂಡ ಮೇಲೆ ಐದು ವರ್ಷ ಆ ತೋಟವನ್ನು ಅಕ್ಕನ ಮೈದುನ ದೇವೀರಪ್ಪ ನೋಡಿಕೊಂಡ. ಕಳೆದ ಯುಗಾದಿಗೆ ಅಕ್ಕ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, “ನನ್ ಗಿಡ ನಾನೇ ಮಾಡ್ತೀನಿ” ಎಂದು ಬಿಡಿಸಿಕೊಂಡಳು. ಹಿರಿಯರು ಒಂದು ಕಟ್ಟು ಹಾಕಿದರು. ಒಂದು ಫಸಲು ಮಾಡಿ ತೋರಿಸಲಿ, ಆಗದಿದ್ದರೆ ತೋಟ ಮತ್ತೆ ದೇವೀರಪ್ಪನ ಕೈಗೆ. ಈಗ ಕೊಯ್ಯುತ್ತಿರುವ ಹಣ್ಣು ಅವನ ಕಾಲದ ಹೂವಿನದು, ಲೆಕ್ಕಕ್ಕಿಲ್ಲ. ಈ ಮಾರ್ಚಿನ ಹೂವೇ ಅವಳ ಪರೀಕ್ಷೆ.

ಒತ್ತಾಯ ಮಾಡಲಿಲ್ಲ. ಹಣ್ಣು ಕೊಯ್ಯುತ್ತಾ ಮೂರು ದಿನ ನಿಮ್ಮ ಕಥೆ ಹೇಳಿದೆ, ಅಷ್ಟೆ.

“ಆ ಗ್ರಹದೋರು ವರ್ಷಪೂರ್ತಿ ಬಾಯ್ ಮುಚ್ಕೊಂಡೇ ಇರ್ತಾರಾ?”

“ಹೂಂ ಕಣಕ್ಕ.”

“ನೀನೇನಾರ ಅಲ್ ಹುಟ್ಟಿದ್ರೆ ಹೊಟ್ಟೆ ಉಬ್ಬಿ ಸತ್ತೋಗಿರ್ತಿದ್ದೆ ಬುಡು.”

ಟಿವಿಯಲ್ಲಿ ತೋಟದ ಜೊತೆ ಅವಳ ಹೆಸರು ಬರುತ್ತದೆ ಎಂದೆ. “ನನ್ ಹೆಸರ್ಯಾಕೋ, ನಿಮ್ ಭಾವಂದು ಹಾಕ್ಸು” ಎಂದಳು. ಎರಡು ಗಿಡ ಕೊಯ್ದ ಮೇಲೆ, “ಎಲ್ಡೂ ಹಾಕ್ಸು” ಎಂದಳು. ಕೊನೆಗೆ ಕೇಳಿದ್ದು ಒಂದೇ: “ನಿಜವಾಗ್ಲೂ ಬತ್ತಾರೇನೋ?”

“ನಾನು ಹೇಳ್ತಿದೀನಲ್ಲಕ್ಕ.”

“ನೀನು ಹೇಳ್ತಿದೀಯಲ್ಲ, ಅದ್ಕೇ ಕೇಳಿದ್ದು.”

ಒಪ್ಪಿದ್ದಾಳೆ.

ಯೋಗಾನಂದ


ಬೆಂಗಳೂರು
೫ ಫೆಬ್ರವರಿ ೨೦೨೫

ಯೋಗಣ್ಣ,

ಉತ್ತರ ತಡವಾಯಿತು. ಎಂಟು ಕಂತು ಐದಾಗಿದೆ. ಚಂದ್ರ ಒಂದೇ ಉಳಿದಿದೆ, ಹಾಗಾದರೆ ಅದು ಭೂಮಿಯೇ ಅಲ್ಲವೇ ಎಂದು ಕೇಳಿದೆ. “ಜನಕ್ಕೆ ಹತ್ತಿರ ಅನ್ನಿಸ್ತದೆ ಮೇಡಂ” ಎಂದರು ಜಯಕುಮಾರ್. ಸೊಸೆ ಬಂದಿದ್ದಾಳೆ. ಅವಳಿಗೆ ಮೂರು ದಿನವಲ್ಲ, ವರ್ಷವಿಡೀ ಮಾತು ಬರುತ್ತದಂತೆ. ಕಥೆಯ ಬೆನ್ನುಮೂಳೆಯೇ ಹೋಯಿತು. ಆದರೂ ಹೂವಿನ ಮೂರು ದಿನವನ್ನು ಯಾರೂ ಮುಟ್ಟಿಲ್ಲ. ಅದೊಂದಿದ್ದರೆ ಉಳಿದದ್ದನ್ನು ನಾನು ಎಳೆದು ತರುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀರು ಹದಿನೇಳು ದಿನ ತಡವಾದರೆ ಅಕ್ಕನ ಫಸಲಿಗೆ ತೊಂದರೆ ಇಲ್ಲ ತಾನೆ? ಇದೆ ಎಂದರೆ ಈಗಲೇ ಹೇಳಿ. ಯಾವುದಾದರೂ ದೊಡ್ಡ ಎಸ್ಟೇಟು ನೋಡೋಣ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಹೇಮಶ್ರೀ


ಹೆಗ್ಗದ್ದೆ
೨೧ ಫೆಬ್ರವರಿ ೨೦೨೫

ಮೇಡಂ ಅವರಿಗೆ,

ನಿನ್ನೆ ಅಕ್ಕ ಸರದಿ ಬಿಟ್ಟಳು. ಪಂಪನ್ನು ಅವಳ ಅಂಗಳ ದಾಟಿಸಿಕೊಂಡು ದೇವೀರಪ್ಪನೇ ಎಳೆದುಕೊಂಡು ಹೋದ. “ಅತ್ತಿಗೆ, ಮೊಗ್ಗು ಸಿನಿಮಾದೋರಿಗೆ ಕಾಯ್ತದಾ?” ಎಂದ. ಹಂಗಿಸಿದನೋ, ನಿಜವಾಗಿ ಕೇಳಿದನೋ, ಅವನ ಮುಖದಲ್ಲಿ ಎರಡಕ್ಕೂ ಒಂದೇ ಗೆರೆ. ಅಕ್ಕ ನನ್ನ ಕಡೆ ನೋಡಿದಳು. “ಕಾಯ್ತದೆ” ಎಂದು ನಾನೇ ಹೇಳಿದೆ.

ತೊಂದರೆ ಏನೂ ಇಲ್ಲ. ಮೊಗ್ಗು ಗಟ್ಟಿಯಾಗಿದೆ. ದೊಡ್ಡ ಎಸ್ಟೇಟಿನವರು ನಿಮ್ಮ ಸಲುವಾಗಿ ಒಂದು ಪೈಪನ್ನೂ ಕದಲಿಸುವುದಿಲ್ಲ, ಆ ಆಸೆ ಬಿಡಿ.

ನೌಕೆಯ ಬಾಗಿಲಿಗೆ ಒಂದು ಹಳೆಯ ಬಾಯ್ಲರ್ ಮುಚ್ಚಳ ಸಿಕ್ಕಿದೆ, ಫೋಟೋ ಇಟ್ಟಿದ್ದೇನೆ.

ಯೋಗಾನಂದ


ಬೆಂಗಳೂರು
೫ ಮಾರ್ಚ್ ೨೦೨೫

ಯೋಗಣ್ಣ,

ರಾಣಿಯ ಪಾತ್ರದವರ ದಿನಗಳು ಹೊಂದುತ್ತಿಲ್ಲ. ಹತ್ತು ದಿನ ಮುಂದಕ್ಕೆ ಹಾಕಿದ್ದೇವೆ. ೨೮, ೨೯, ೩೦. ಬಹುತೇಕ ಖಚಿತ. ಬಾಗಿಲು ಚೆನ್ನಾಗಿದೆ.

ಹೇಮಶ್ರೀ


ಹೆಗ್ಗದ್ದೆ
೧೦ ಮಾರ್ಚ್ ೨೦೨೫

ಮೇಡಂ ಅವರಿಗೆ,

ಪತ್ರ ಕೈಸೇರಿದ್ದು ಎಂಟರ ಸಂಜೆ. ಒಂಬತ್ತರ ಬೆಳಿಗ್ಗೆ ಪೈಪು ಅಕ್ಕನ ತೋಟಕ್ಕೆ ಬಂದಾಗಿತ್ತು. ಅರ್ಧ ಜೋಡಿಸಿದ್ದನ್ನು ನಾನೇ ನಿಂತು ಬಿಚ್ಚಿಸಿದೆ.

ಸರದಿಯ ಲೆಕ್ಕ ಹೀಗಿದೆ: ಮೊದಲ ಸುತ್ತು ಮುಗಿಯಿತು. ಈಗ ಎರಡನೇ ಸುತ್ತು, ಹೂವು ಮುಗಿದ ತೋಟಗಳಿಗೆ ಕಾಯಿ ನಿಲ್ಲಲೆಂದು ಕೊಡುವ ನೀರು. ಅಕ್ಕನಿಗೆ ಮತ್ತೆ ಪಂಪು ಬರುವುದು ಹತ್ತೊಂಬತ್ತಕ್ಕೆ. ನಿಮ್ಮ ಇಪ್ಪತ್ತೆಂಟಕ್ಕೆ ಸರಿಹೋಗುತ್ತದೆ. ಪಕ್ಕದ ಮನೆಯ ಚಲುವಯ್ಯ ಪೈಪು ಹೊರುತ್ತಾ, “ಒಂದ್ಸಲ ಸರದಿ ಬುಟ್ಟೋರ್ನ ನೋಡಿದೀನಿ ಮಾರಾಯ, ಎಲ್ಡ್ ಸಲ ಬುಟ್ಟೋರ್ನ ಇವತ್ತೇ ನೋಡಿದ್ದು” ಎಂದ. ನಾಲ್ಕು ಜನ ನಕ್ಕರು. ಅಕ್ಕ ನಗಲಿಲ್ಲ.

ಅವಳಿಗೆ ಓದು ಬರುತ್ತದೆ, ಆದರೆ ಕನ್ನಡಕ ಒಳಗಿತ್ತು. ನಿಮ್ಮ ಪತ್ರವನ್ನು ನಾನೇ ಓದಿ ಹೇಳಿದೆ. ‘ಬಹುತೇಕ ಖಚಿತ’ ಎಂದು ಬರೆದಿದ್ದಿರಿ. ಓದುವಾಗ ಮೊದಲ ಪದವನ್ನು ನುಂಗಿಕೊಂಡೆ. ಅದು ಗಂಟಲಲ್ಲೇ ಇದೆ. ನೀವು ಒಂದು ಸಾಲು ಬರೆದು ಅದನ್ನು ಇಳಿಸಿಬಿಡಿ.

ಯೋಗಾನಂದ


ಹೆಗ್ಗದ್ದೆ
೧೬ ಮಾರ್ಚ್ ೨೦೨೫

ಮೇಡಂ,

ಹದಿನಾಲ್ಕರ ಮಧ್ಯಾಹ್ನ ಮಳೆ ಬಂತು. ನಿಮ್ಮ ಕಡೆ ಮಳೆ ಎಂದರೆ ಸಂತೋಷ. ಇಲ್ಲಿ ಮಳೆಗೆ ಅಳತೆ ಇದೆ. ಇಂಚಿಗೆ ನೂರು ಸೆಂಟು. ಕಾಫಿ ಅರಳಲು ಒಂದು ಇಂಚಾದರೂ ಬೇಕು. ಬಂದದ್ದು ಇಪ್ಪತ್ತು ಸೆಂಟು. ಇಷ್ಟು ಮಳೆ ಬರುವುದಕ್ಕಿಂತ ಬಾರದಿರುವುದು ಲೇಸು. ಮೊಗ್ಗಿಗೆ ಎಚ್ಚರವಾಗುತ್ತದೆ, ಏಳುವಷ್ಟು ಶಕ್ತಿ ಸಿಗುವುದಿಲ್ಲ. ಒಂದೆರಡು ದಿನದೊಳಗೆ ಮೇಲಿಂದ ನೀರು ಕೊಟ್ಟರೆ ಉಳಿಯುತ್ತದೆ. ಇಲ್ಲವಾದರೆ ಕೆಂಪಗಾಗಿ ಅಲ್ಲೇ ನಿಂತುಬಿಡುತ್ತದೆ.

ಪಂಪು ದೇವೀರಪ್ಪನ ತೋಟದಲ್ಲಿತ್ತು. ನಾನು ಹೋಗಿ ಅರ್ಧ ಗಂಟೆ ಮಾತಾಡಿದೆ. ನನ್ನ ಮಾತಿಗೆ ಎಸ್ಟೇಟಿನ ಗೇಟುಗಳೇ ತೆರೆದಿವೆ. ಅವನು ಪೂರ್ತಿ ಕೇಳಿಸಿಕೊಂಡು, “ಹತ್ತೊಂಬತ್ತಕ್ಕೆ ಸಾಕು ಅಂದೋನು ನೀನೇ ಅಲ್ವೇನೋ? ನನ್ ಕಾಯಿ ಉದುರ್ತಾ ಐತೆ. ನಾಳೆ ಚಲುವಯ್ಯಂದು ಸರದಿ, ಅವ್ನ್ ಕಾಯೂ ಉದುರ್ತದೆ. ಯಾರ್ನ ಬುಡ್ಸನ ಹೇಳು” ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಆಮೇಲೆ ಅಕ್ಕ ತಾನೇ ಹೋದಳು. ಯುಗಾದಿಯಿಂದ ಆಚೆ ಆ ಅಂಗಳ ತುಳಿದವಳಲ್ಲ. ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಬರಿಗೈಯಲ್ಲಿ ಬಂದಳು, ಎರಡು ಕೊಡ ತೆಗೆದುಕೊಂಡು ಹೊಂಡಕ್ಕೆ ಇಳಿದಳು.

ನಿನ್ನೆಯಿಂದ ನಾವಿಬ್ಬರೂ ಕೊಡದಲ್ಲಿ ಹೊತ್ತು, ಚೊಂಬಿನಲ್ಲಿ ಎತ್ತಿ ಗಿಡದ ತಲೆಯ ಮೇಲೆ ಹುಯ್ಯುತ್ತಿದ್ದೇವೆ. ಕತ್ತಲಾಗುವವರೆಗೆ ಐವತ್ತೆಂಟು ಗಿಡ. ಇದು ನೀರು ಕೊಟ್ಟಂತೆ ಅಲ್ಲ ಎಂದು ಇಬ್ಬರಿಗೂ ಗೊತ್ತು.

ಬಂಡೆ ಹತ್ತಿ ನಿಮಗೆ ಆರು ಸಲ ಫೋನು ಮಾಡಿದೆ. ನಿಮ್ಮ ಶೂಟಿಂಗಿನವರ ಹತ್ತಿರ ಮಳೆ ಬರಿಸುವ ಟ್ಯಾಂಕರ್ ಇರುತ್ತದಲ್ಲ. ಅದನ್ನಾದರೂ ನಾಳೆ ಕಳಿಸಿ. ಹೂವಿಗಲ್ಲ, ಗಿಡಕ್ಕೆ.

ಯೋಗಾನಂದ


ಸಕಲೇಶಪುರ
೩೧ ಮಾರ್ಚ್ ೨೦೨೫

ಹೇಮಶ್ರೀ ಅವರಿಗೆ,

ಹತ್ತೊಂಬತ್ತಕ್ಕೆ ಪಂಪು ಬಂತು, ನೀರು ಕೊಟ್ಟೆವು. ಇಪ್ಪತ್ತೆಂಟಕ್ಕೆ ಹೂವೂ ಬಂತು. ಬಿಳಿಯಲ್ಲ. ಹಸಿರು, ಕೆಂಪು ಮಿಶ್ರ, ಎಸಳು ಪೂರ್ತಿ ಬಿಚ್ಚದೆ ಮುಳ್ಳಿನ ಹಾಗೆ ನಿಂತ ಸಣ್ಣ ಸಣ್ಣ ಹೂವು. ಗಂಧ ಇಲ್ಲ. ಜೇನ್ನೊಣ ಬಂದು ನೋಡಿಕೊಂಡು ಹೋದವು. ಪಕ್ಕದ ತೋಟಗಳಲ್ಲಿ ಆಗಲೇ ಕಾಯಿ ಕಟ್ಟಿದೆ.

ಇಪ್ಪತ್ತೆಂಟರಂದು ಅಕ್ಕ ಬೆಳಿಗ್ಗೆಯೇ ಮೂವತ್ತು ಜನಕ್ಕೆ ಉಪ್ಪಿಟ್ಟು ಮಾಡಿಟ್ಟಿದ್ದಳು. ನಾನು ಬೇಡವೆನ್ನಲಿಲ್ಲ. ಹನ್ನೊಂದರವರೆಗೆ ರಸ್ತೆ ನೋಡಿದೆವು. ಆಮೇಲೆ ಅವಳು, “ಗಾಡಿ ಕೆಟ್ಟಿರ್ಬೋದು, ಹೋಗಿ ನೋಡ್ಕಂಡ್ ಬಾ” ಎಂದಳು. ನನಗೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟಳು ಎಂದು ಘಾಟಿ ಇಳಿಯುವಾಗ ಹೊಳೆಯಿತು.

ಇವತ್ತು ಇಲ್ಲಿಂದ ಚಾನೆಲ್ಲಿಗೇ ಫೋನು ಮಾಡಿದೆ. ಜಯಕುಮಾರ್ ಅವರು ಬಹಳ ಮರ್ಯಾದಸ್ತರು. “ಅಯ್ಯೋ, ಅದು ಮಾರ್ಚ್ ಮೂರನೇ ತಾರೀಖೇ ನಿಂತೋಯ್ತಲ್ಲ ಸಾರ್, ಮೇಡಂ ಹೇಳ್ಲಿಲ್ವಾ?” ಎಂದರು.

ನಿಮ್ಮ ಪತ್ರದ ಮೇಲೆ ಇರುವುದು ಐದನೇ ತಾರೀಖು. ನಾನು ಮತ್ತೆ ಮತ್ತೆ ನೋಡಿದೆ. ಮೂರು, ಐದು.

ಯೋಗಾನಂದ


ಬೆಂಗಳೂರು
೨೨ ಏಪ್ರಿಲ್ ೨೦೨೫

ಯೋಗಣ್ಣ,

ಮೂರನೇ ತಾರೀಖು ಅವರು ಬೇಡ ಎಂದರು. ನಾಲ್ಕರಂದು ಇನ್ನೊಂದು ಕಂಪನಿಯವರು ಕೂತು ಕೇಳಿದರು, ಹತ್ತು ದಿನದಲ್ಲಿ ಹೇಳುತ್ತೇವೆ ಎಂದರು. ಆ ಹತ್ತು ದಿನವನ್ನು ನಾನು ನಿಮ್ಮ ಮೇಲೆ ಹಾಕಿದೆ. ರಾಣಿಯ ದಿನಗಳು ಎಂಬುದು ಸುಳ್ಳು. ರಾಣಿಯ ಪಾತ್ರಕ್ಕೆ ಯಾರೂ ಇರಲೇ ಇಲ್ಲ.

ನಿಮಗೆ ನಿಜ ಹೇಳಿದರೆ ನೀವು ಒಂಬತ್ತಕ್ಕೇ ನೀರು ಬಿಡಿಸುತ್ತಿದ್ದಿರಿ. ಹೂವು ಬಂದು ಹೋಗುತ್ತಿತ್ತು. ಆಮೇಲೆ ಆ ಕಂಪನಿಯವರು ಹೂಂ ಎಂದರೂ ನನ್ನ ಹತ್ತಿರ ತೋರಿಸಲು ಏನೂ ಇರುತ್ತಿರಲಿಲ್ಲ. ಹೀಗೆ ಲೆಕ್ಕ ಹಾಕಿದೆ. ಮೊಗ್ಗು ಗಟ್ಟಿಯಾಗಿದೆ ಎಂದು ನೀವು ಬರೆದದ್ದನ್ನು ಹಿಡಿದುಕೊಂಡೆ. ಗಟ್ಟಿ ಎಂದರೆ ಎಷ್ಟು ದಿನ ಎಂದು ಕೇಳಲಿಲ್ಲ, ಕೇಳಿದರೆ ಹೇಳಿಬಿಡುತ್ತೀರಿ ಎಂಬ ಭಯ. ನಿಮ್ಮ ಆರು ಕರೆಗಳೂ ನನ್ನ ಕಣ್ಣೆದುರೇ ಬಂದವು. ಹದಿನಾರರ ಪತ್ರ ಹದಿನೆಂಟಕ್ಕೆ ಸಿಕ್ಕಿತು. ಅದೇ ದಿನ ಆ ಕಂಪನಿಯವರೂ ಬೇಡ ಎಂದರು, ಅದನ್ನೂ ನಿಮಗೆ ತಿಳಿಸಲಿಲ್ಲ.

ಅಕ್ಕನ ಕಾಲು ಹಿಡಿಯಲು ಬರಲೇ? ನೀವು ಬನ್ನಿ ಎಂದರೆ ಬರುತ್ತೇನೆ.

ಹೇಮಶ್ರೀ


ಬೆಂಗಳೂರು
೯ ಡಿಸೆಂಬರ್ ೨೦೨೫

ಯೋಗಣ್ಣ,

ಏಪ್ರಿಲ್‌ನ ಪತ್ರಕ್ಕೆ ನಿಮ್ಮ ಉತ್ತರ ಬರಲಿಲ್ಲ. ಬರಬೇಕಾಗಿರಲಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ, ಬೇರೆಯವರಿಂದ ನಿಮಗೆ ತಿಳಿಯಬಾರದು.

ಹೊಸಬರೊಬ್ಬರು ಕಥೆ ತೆಗೆದುಕೊಂಡರು. ಎಂಟು ಕಂತು. ಏಳು ಚಂದ್ರ. ಸೊಸೆ ಇಲ್ಲ. ಒಪ್ಪಂದಕ್ಕೆ ಸಹಿಯಾಗಿದೆ, ಈ ಸಲ ‘ಬಹುತೇಕ’ ಇಲ್ಲ. ಮಾರ್ಚ್ ಹನ್ನೆರಡರಿಂದ ಮೂರು ದಿನ ಹೂವಿನ ನಡುವೆ. ಅಕ್ಕನ ತೋಟದಲ್ಲೇ ಆಗಬೇಕೆಂದು ನಾನು ಹಟ ಹಿಡಿದಿದ್ದೇನೆ. ಸರದಿಗೆ ಕಾಯಬೇಕಿಲ್ಲ, ಬೇರೆಯೇ ಪಂಪು ಕಳಿಸುತ್ತಾರೆ. ಕಾಯಿ ನಿಲ್ಲುವ ನೀರಿಗೂ ಅದು ಅಲ್ಲೇ ಇರುತ್ತದೆ. ಗ್ರಹದ ಜನರಾಗಿ ಹೂವಿನ ನಡುವೆ ನಿಲ್ಲಲು ಊರಿನ ಹದಿನೈದು ಹೆಂಗಸರು ಬೇಕು. ಮಾತಿಲ್ಲ, ಸುಮ್ಮನೆ ನಿಂತರೆ ಸಾಕು.

ನೀವೇ ಮುಂದೆ ನಿಂತು ನಡೆಸಿಕೊಡಬೇಕು. ಹೋದದ್ದನ್ನು ತುಂಬಿಕೊಡುತ್ತೇನೆ ಎನ್ನುವ ಧೈರ್ಯ ಇಲ್ಲ. ಅಕ್ಕನ ಫಸಲು ಹೇಗಿದೆ ಎಂದು ಕೇಳುವ ಧೈರ್ಯವೂ ಇಲ್ಲ, ಕೇಳುತ್ತಿದ್ದೇನೆ.

ಹೇಮಶ್ರೀ


ಹೆಗ್ಗದ್ದೆ
೧೭ ಜನವರಿ ೨೦೨೬

ಹೇಮಶ್ರೀ ಅವರಿಗೆ,

ನಿಮ್ಮ ಕಥೆ ದಡ ಸೇರಿದ್ದು ಸಂತೋಷ. ಹೊಟ್ಟೆಕಿಚ್ಚಿಲ್ಲದೆ ಬರೆಯುತ್ತಿದ್ದೇನೆ, ಹಾಗೆಂದು ಬರೆಯಲು ಒಂದು ತಿಂಗಳು ಹಿಡಿಯಿತು.

ಫಸಲು ಕೇಳಿದಿರಿ. ಕೊಡದಲ್ಲಿ ನೀರು ಹುಯ್ದ ಗಿಡಗಳಲ್ಲಿ ಒಂದೊಂದು ಅಡ್ಡಕೊಂಬೆಗೆ ನಾಲ್ಕು ಹಣ್ಣು. ಉಳಿದವು ಎಲೆ. ನವೆಂಬರಿನಲ್ಲಿ ಹಿರಿಯರು ಬಂದು ತೋಟ ಸುತ್ತಿದರು. ಮಳೆ ಕೈಕೊಟ್ಟಿತು ಎಂದು ನಾನು ಶುರು ಮಾಡಿದೆ. ಅಕ್ಕ ತಡೆದಳು. “ಸಾಕು ಬುಡೋ. ಸರದಿ ನಾನೇ ಬುಟ್ಟಿದ್ದು” ಎಂದಳು. ನಿಮ್ಮ ಹೆಸರು ತರಲಿಲ್ಲ, ನನ್ನ ಹೆಸರೂ ತರಲಿಲ್ಲ. ಹೊಂಡದ ಗೇಟಿನ ಬೀಗದ ಕೈಯನ್ನು ತಾನೇ ದೇವೀರಪ್ಪನ ಮುಂದೆ ಇಟ್ಟಳು. ದೇವೀರಪ್ಪ ಕೆಟ್ಟವನಲ್ಲ. ಅವಳ ಮುಖ ನೋಡಲಾರದೆ, ಬೀಗದ ಕೈ ಎತ್ತಿಕೊಳ್ಳಲು ಬಹಳ ಹೊತ್ತು ಮಾಡಿದ.

ಅವಳು ನನ್ನನ್ನು ಬೈದಿಲ್ಲ. ಬೈಯಲಿ ಎಂದು ಎಷ್ಟೋ ಸಲ ಎದುರು ಹೋಗಿ ಕೂತಿದ್ದೇನೆ. “ಕಾಫಿ ಕುಡೀತೀಯಾ?” ಎನ್ನುತ್ತಾಳೆ, ಬೇರೆ ಊರಿನವರನ್ನು ಕೇಳಿದ ಹಾಗೆ. ಈಗ ದಿನಾ ಬೆಳಿಗ್ಗೆ ವನಗೂರಿನ ಎಸ್ಟೇಟಿಗೆ ಕೊಯ್ಲಿಗೆ ಹೋಗುತ್ತಾಳೆ. ಜೀಪಿನಲ್ಲಿ. ನನ್ನದರಲ್ಲಲ್ಲ, ಬೇರೆಯವರ ಜೀಪಿನಲ್ಲಿ.

ನೀವು ಕೇಳಿದ ತೋಟದ ಮಾತು ಆದ್ದರಿಂದ ಇನ್ನು ಅಕ್ಕನ ಹತ್ತಿರವೂ ಅಲ್ಲ, ನನ್ನ ಹತ್ತಿರವೂ ಅಲ್ಲ. ದೇವೀರಪ್ಪನಿಗೆ ತಿಳಿಸಿದ್ದೇನೆ. ಒಪ್ಪಿದ್ದಾನೆ. ಅವನ ನಂಬರು ಈ ಹಾಳೆಯ ಹಿಂದೆ ಇದೆ. ಅವನಿಗೆ ಮಾತು ಕಡಿಮೆ, ಹೇಳಿದ್ದನ್ನು ಮಾಡುತ್ತಾನೆ, ಆಗುವುದಿಲ್ಲವೆಂದರೆ ಆಗುವುದಿಲ್ಲ ಎಂದೇ ಹೇಳುತ್ತಾನೆ. ಇಂಥವನನ್ನು ನೀವು ಮೊದಲೇ ಹಿಡಿಯಬೇಕಿತ್ತು. ಮಾರ್ಚ್‌ನಲ್ಲಿ ನಾನು ಊರಲ್ಲಿರುವುದಿಲ್ಲ. ಆಲೂರಿನ ಕಡೆ ಒಬ್ಬರ ಲಾರಿಗೆ ಸೇರಿಕೊಳ್ಳುತ್ತಿದ್ದೇನೆ.

ಹದಿನೈದು ಹೆಂಗಸರ ಪಟ್ಟಿ ದೇವೀರಪ್ಪನೇ ಬರೆಸಿದ. ನಿನ್ನೆ ನನಗೆ ತೋರಿಸಿದ. ಆ ಮೂರು ದಿನ ಕೊಯ್ಲಿಗಿಂತ ಸಲೀಸು ಎಂದು ಎಲ್ಲರೂ ಹೆಸರು ಕೊಟ್ಟಿದ್ದಾರೆ. ಏಳನೆಯ ಹೆಸರು ಗಂಗಾಮಣಿ. ಅವನು ಕೇಳಿರಲಿಲ್ಲವಂತೆ, ತಾನೇ ಬಂದು, “ನನ್ನೂ ಹಾಕು, ನಿಂತ್ಕಳದು ತಾನೇ” ಎಂದಳಂತೆ.

ಅಕ್ಕ ನಿಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾಳೆ. ನೀವು ಹಿಡಿಯಬೇಡಿ. ಕಾಲು ಮುಟ್ಟಲು ಹೋಗಬೇಡಿ, ಕ್ಷಮಿಸಿ ಎನ್ನಬೇಡಿ. ಉಳಿದ ಹದಿನಾಲ್ಕು ಜನರನ್ನು ಎಲ್ಲಿ ನಿಲ್ಲಿಸುತ್ತೀರೋ ಅವಳನ್ನೂ ಅಲ್ಲೇ ನಿಲ್ಲಿಸಿ.

ಯೋಗಾನಂದ